ಬಾಲಕ್ಕೆ ಕೆಂಪು ಹಚ್ಚಿದ ಇಲಿಗಳು

ಲಂಡನ್: ಹಳದಿ ಪುಡಿ

ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಎರಡು ತಾಸು ಒಂದು ಕೋಣೆಯಲ್ಲಿ ಕೂಡಿಸಿದರು. ತಪ್ಪು ನನ್ನದೇ. ಯಾಕೆ ಬಂದಿರಿ ಎಂದು ಕೇಳಿದ ಅಧಿಕಾರಿಗೆ ಓದಲು ಬಂದೆ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಏನು ಓದುತ್ತೀರಿ ಎಂದ. ಮಾರ್ಫಿನ್ ಎಂದೆ. ಅವನು ಪೆನ್ನು ಕೆಳಗಿಟ್ಟ. ಮಾರ್ಫಿನ್ ಎಂದರೆ ಅಫೀಮಿನಿಂದ ತೆಗೆಯುವ ಮದ್ದು, ಅದರ ಚಟ ಹತ್ತಿದಾಗ ಮೆದುಳಿನಲ್ಲಿ ಏನಾಗುತ್ತದೆ ಎಂದು ಇಲಿಗಳಲ್ಲಿ ನೋಡುವುದು ನನ್ನ ಕೆಲಸ ಎಂದು ನಾನು ಪೂರ್ತಿ ವಿವರಿಸಿದೆ. ಕೇಳಿದ್ದಕ್ಕಿಂತ ನಾಲ್ಕು ಮಾತು ಹೆಚ್ಚು ಹೇಳುವುದು ನಮ್ಮ ಕಡೆಯ ರೂಢಿ.

ಟ್ರಂಕು ತೆಗೆಸಿದರು. ಮೇಲೆಯೇ ಅವ್ವ ಕಟ್ಟಿಕೊಟ್ಟ ಗಂಟುಗಳಿದ್ದವು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಣಗಿಸಿದ ಜೋಳದ ರೊಟ್ಟಿ, ಮತ್ತು ಒಂದು ಬಟ್ಟೆಯ ಚೀಲದಲ್ಲಿ ಭಂಡಾರ. ಭಂಡಾರ ಅಂದರೆ ನಮ್ಮ ಬೀರದೇವರ ಗುಡಿಯಲ್ಲಿ ಹಣೆಗೆ ಹಚ್ಚುವ ಅರಿಶಿನ. ಅಧಿಕಾರಿ ಅದನ್ನು ಬೆರಳಿಗೆ ತೆಗೆದುಕೊಂಡು ಮೂಸಿದ, ನಾಲಗೆಯ ತುದಿಗೆ ಮುಟ್ಟಿಸಿದ, ಇನ್ನೊಬ್ಬನನ್ನು ಕರೆದ. ಅವನೂ ಮುಟ್ಟಿಸಿದ. ಕೊನೆಗೆ ಮೂರನೆಯವನೊಬ್ಬ ಬಂದು ಮುಟ್ಟಿ ಮೂಸಿ, ಇದು ನಮ್ಮ ಬೀದಿಯ ಹೋಟೆಲಿನ ಸಾರಿನ ವಾಸನೆ ಎಂದ ಮೇಲೆ ನನ್ನನ್ನು ಬಿಟ್ಟರು. ಮೂವರ ಬೆರಳೂ ಹಳದಿಯಾಗಿದ್ದವು.

ನಾನು ಇಂಡಿ ತಾಲ್ಲೂಕಿನ ತಾಂಬಾದವನು. ಕುರಿ ಕಾಯುವ ಮನೆತನ. ಪಶುವೈದ್ಯ ಓದಿ ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ನಾಲ್ಕು ವರ್ಷ ಇದ್ದೆ. ಆಮೇಲೆ ಔಷಧಶಾಸ್ತ್ರ ಓದಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಸರಕಾರದ ವಿದ್ಯಾರ್ಥಿವೇತನ ಸಿಕ್ಕು ಸ್ಕಾಟ್ಲೆಂಡಿಗೆ ಡಾಕ್ಟರೇಟ್ ಮಾಡಲು ಹೊರಟಾಗ ನನಗೆ ಮೂವತ್ತೆರಡು. ಹೆಂಡತಿ ಬಸವನ ಬಾಗೇವಾಡಿಯ ತವರಿನಲ್ಲಿ ಉಳಿದಳು. ಎಪ್ಪತ್ತರ ದಶಕ ಅರ್ಧಕ್ಕೆ ಬರುತ್ತಿದ್ದ ಕಾಲ ಅದು.

ಕಲ್ಲಿನ ಊರು

ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರಲ್ಲಿ ಹೆಚ್ಚಿನವರು ಇನ್ನೂ ಇದ್ದಾರೆ. ಕಡಲ ದಂಡೆಯ ಮೇಲಿನ, ಬೂದು ಕಲ್ಲಿನಲ್ಲಿ ಕಟ್ಟಿದ ಊರು. ಕಲ್ಲಿನ ಮನೆ ನಮಗೇನು ಹೊಸದಲ್ಲ. ಆದರೆ ನಮ್ಮಲ್ಲಿ ಕಲ್ಲು ಬಿಸಿಲಿಗೆ ಕಾಯುತ್ತದೆ, ಅಲ್ಲಿ ನೀರು ಕುಡಿಯುತ್ತದೆ.

ಮೊದಲ ದಿನ ಬಸ್ಸಿಗೆ ನಿಂತೆ. ಬಸ್ಸು ಬಂದು ನಿಂತಿತು, ಕಿಟಕಿ ತೆರೆದಿತ್ತು. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಲಿತ ಕೈ, ನಾನು ಯೋಚಿಸುವ ಮೊದಲೇ ಕರವಸ್ತ್ರವನ್ನು ಕಿಟಕಿಯಿಂದ ಒಳಗೆ ಎಸೆದಿತ್ತು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಹತ್ತಿದರು. ನಾನು ಹತ್ತುವ ಹೊತ್ತಿಗೆ ಒಬ್ಬ ಅಜ್ಜಿ ಅದನ್ನು ಸೀಟಿನಿಂದ ಎತ್ತಿ, ಮಡಚಿ, ಯಾರೋ ಕಳೆದುಕೊಂಡಿದ್ದಾರೆಂದು ಡ್ರೈವರನ ಕೈಗೆ ಕೊಟ್ಟಿದ್ದಳು. ಬಸ್ಸಿನ ತುಂಬ ಖಾಲಿ ಸೀಟುಗಳಿದ್ದವು. ಕರವಸ್ತ್ರ ನನ್ನದೆಂದು ಹೇಳುವ ಧೈರ್ಯವಾಗಲಿಲ್ಲ.

ನಾನಿದ್ದ ಮನೆಯ ಒಡತಿ ಮಿಸೆಸ್ ಫಿಂಡ್ಲೆ, ವಿಧವೆ. ಬೆಳಿಗ್ಗೆ ಓಟ್ಸಿನ ಗಂಜಿಗೆ ಉಪ್ಪು ಹಾಕಿ ಕೊಡುತ್ತಿದ್ದಳು. ಸಕ್ಕರೆ ಬೇಕೇ ಎಂದು ಅಳುಕುತ್ತ ಕೇಳಿದಳು. ಬೇಡ, ನಮ್ಮಲ್ಲೂ ಜೋಳದ ನುಚ್ಚಿಗೆ ಉಪ್ಪೇ ಎಂದೆ. ಆ ದಿನದಿಂದ ಅವಳು ನನ್ನನ್ನು, ಗಂಜಿಗೆ ಸಕ್ಕರೆ ಹಾಕುವ ಇಂಗ್ಲೆಂಡಿನವರಿಗಿಂತ ಮೇಲಿನವನೆಂದು ಎಣಿಸಿದಳು. ನನ್ನ ಹೆಸರು ಬೀರಪ್ಪ. ಅವಳ ಬಾಯಲ್ಲೂ ವಿಭಾಗದವರ ಬಾಯಲ್ಲೂ ಅದು ಬೀರ್ ಆಯಿತು. ಚಟಗಳ ಬಗ್ಗೆ ಸಂಶೋಧನೆ ಮಾಡುವ ವಿಭಾಗದಲ್ಲಿ ಬೀರ್ ಎನ್ನುವವನು ಸೇರಿದ್ದಾನೆಂಬ ಸುದ್ದಿ ಒಂದೇ ವಾರದಲ್ಲಿ ಎಲ್ಲ ಮಹಡಿಗಳಿಗೂ ಹಬ್ಬಿತ್ತು.

ಪ್ರಯೋಗಶಾಲೆ: ಮೊದಲ ಚಳಿಗಾಲ

ನನ್ನ ಮಾರ್ಗದರ್ಶಕಿ ಡಾಕ್ಟರ್ ರೀಡ್, ಐವತ್ತು ದಾಟಿದ ಹೆಂಗಸು. ಎತ್ತರ, ಸಣ್ಣ ದನಿ, ಮೊಣಕೈ ಸವೆದ ಸ್ವೆಟರು. ಮೊದಲ ದಿನ ನನಗೆ ಒಂದು ದಪ್ಪ ನೋಟುಬುಕ್ಕು ಕೊಟ್ಟರು. ಪೆನ್ಸಿಲ್ ಕೂಡದು, ಹಾಳೆ ಹರಿಯುವ ಹಾಗಿಲ್ಲ, ತಪ್ಪು ಬರೆದರೆ ಒಂದೇ ಗೆರೆ ಎಳೆಯಬೇಕು, ಕೆಳಗಿದ್ದದ್ದು ಓದಲು ಬರಬೇಕು. ಒಂದು ತಿಂಗಳು ಪ್ರಯೋಗವಿಲ್ಲ, ಬರೀ ನೋಡುವುದು ಎಂದರು. ದಿನಾ ಒಂದು ತಾಸು ಒಂದು ಇಲಿಯ ಮುಂದೆ ಕೂತು ಅದು ಮಾಡಿದ್ದನ್ನು ಬರೆಯಬೇಕು. ಹೆದರಿತು ಎಂದು ಬರೆದರೆ ಗೆರೆ ಎಳೆಯುತ್ತಿದ್ದರು. ಹೆದರಿದ್ದು ನಿಮಗೆ ಕಾಣಿಸಿತೇ, ಮೂಲೆಗೆ ಹೋದದ್ದು ಕಾಣಿಸಿತೇ ಎಂದು ಕೇಳುತ್ತಿದ್ದರು.

ಮೊಯ್ರಾ ಎಂಬ ಹುಡುಗಿ ನನಗಿಂತ ಒಂದು ವರ್ಷ ಮುಂಚೆ ಸೇರಿದವಳು. ಇಲಿ ಹಿಡಿಯಲು ಅಂಜುತ್ತಿದ್ದಳು, ಚರ್ಮದ ಕೈಗವಸು ಹಾಕುತ್ತಿದ್ದಳು. ನಾನು ಬರಿಗೈಯಲ್ಲಿ ಹಿಡಿಯುವುದನ್ನು ತೋರಿಸಿದೆ. ಹಿಡಿಯಬಾರದು, ಅಂಗೈ ಕೆಳಗಿಟ್ಟು ಅದಾಗಿ ಹತ್ತುವವರೆಗೆ ಕಾಯಬೇಕು. ಆಗತಾನೆ ಹುಟ್ಟಿದ ಕುರಿಮರಿಯನ್ನು ಎತ್ತುವಾಗ ಅಪ್ಪ ಕಲಿಸಿದ್ದು ಅದು. ಎರಡು ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳಿಗೆಲ್ಲ ಪ್ರಾಣಿ ಹಿಡಿಯುವುದನ್ನು ನಾನೇ ಹೇಳಿಕೊಡುವಂತಾಯಿತು. ಬೀರ್‌ನ ಕಣ್ಣು ಕುರುಬನ ಕಣ್ಣು, ತಪ್ಪುವುದಿಲ್ಲ ಎನ್ನುತ್ತಿದ್ದರು. ನನಗೂ ಹಾಗೇ ಅನಿಸತೊಡಗಿತ್ತು.

ನಾನು ಕೇಳಿಕೊಂಡ ಪ್ರಶ್ನೆ ಸರಳ. ಒಮ್ಮೆ ಚಟ ಹತ್ತಿ ಬಿಟ್ಟ ಪ್ರಾಣಿಗೆ ಎರಡನೇ ಸಲ ಚಟ ಹತ್ತಿದರೆ, ಆಗ ಬಿಡುವಾಗಿನ ನರಳಾಟ ಮೊದಲಿಗಿಂತ ಹೆಚ್ಚಾಗುತ್ತದೆಯೇ? ಇಲಿಗೆ ಕೆಲವು ದಿನ ಮಾರ್ಫಿನ್ ಕೊಟ್ಟು, ಆಮೇಲೆ ಅದರ ಪರಿಣಾಮವನ್ನು ಕ್ಷಣದಲ್ಲಿ ಇಳಿಸುವ ಇನ್ನೊಂದು ಸೂಜಿ ಚುಚ್ಚುತ್ತೇವೆ. ಇಲಿ ಒದ್ದೆಯಾದ ನಾಯಿಯಂತೆ ಮೈ ಕೊಡವುತ್ತದೆ, ಹಲ್ಲು ಕಟಕಟ ಅನ್ನಿಸುತ್ತದೆ, ಜಿಗಿಯುತ್ತದೆ. ಅರ್ಧ ತಾಸು ಕೂತು ಅದನ್ನೆಲ್ಲ ಎಣಿಸಬೇಕು. ಆಮೇಲೆ ಮೆದುಳಿನ ಭಾಗಗಳನ್ನು ಪರೀಕ್ಷಿಸಬೇಕು.

ಎಣಿಸುವವನಿಗೆ ಯಾವ ಇಲಿಗೆ ಏನು ಕೊಟ್ಟಿದ್ದಾರೆಂದು ಗೊತ್ತಿರಬಾರದು, ಅದು ನಿಯಮ. ಸೂಜಿ ಚುಚ್ಚುವವರು ಒಬ್ಬರು, ಎಣಿಸುವವರು ಇನ್ನೊಬ್ಬರು. ಆ ಚಳಿಗಾಲ ಆ ದೇಶದಲ್ಲಿ ಕರೆಂಟಿನ ಕಡಿತ ಬಂತು. ಕಲ್ಲಿದ್ದಲ ಗಣಿಯವರ ತಕರಾರು. ವಾರದಲ್ಲಿ ಕೆಲವೇ ದಿನ ಕೆಲಸ. ಮಿಸೆಸ್ ಫಿಂಡ್ಲೆ ಮೇಣದಬತ್ತಿ ಹಚ್ಚಿ, ಯುದ್ಧಕಾಲ ಮತ್ತೆ ಬಂತೆಂದು ಅಳುಮುಖ ಮಾಡಿದಳು. ನನಗೆ ತಾಂಬಾ ನೆನಪಾಗಿ ಆರಾಮವೆನಿಸಿತು. ಸೂಜಿ ಚುಚ್ಚುತ್ತಿದ್ದ ನನ್ನ ಸಹಾಯಕನೂ ಬರುವುದು ಬಿಟ್ಟ. ಕೆಲಸ ನಿಲ್ಲಬಾರದೆಂದು ಸೂಜಿಯನ್ನೂ ನಾನೇ ಚುಚ್ಚಿದೆ, ನಾನೇ ಎಣಿಸಿದೆ. ಕುರುಬನ ಕಣ್ಣಿಗೆ ಇನ್ನೊಬ್ಬರ ಕಾವಲು ಯಾಕೆ ಎಂದುಕೊಂಡೆ.

ಫಲಿತಾಂಶ ಚೆನ್ನಾಗಿ ಬಂತು. ಎರಡನೇ ಸಲದ ನರಳಾಟ ಹೆಚ್ಚು, ಸಂಶಯವೇ ಇಲ್ಲ. ಡಾಕ್ಟರ್ ರೀಡ್ ಅಂಕಿಗಳನ್ನು ಎರಡು ಸಲ ನೋಡಿ, ತುಂಬ ಚೊಕ್ಕವಾಗಿವೆ ಎಂದರು. ನಾನು ಅದನ್ನು ಹೊಗಳಿಕೆ ಎಂದು ತಿಳಿದೆ. ಬೇಸಿಗೆಯ ಹೊತ್ತಿಗೆ ನಮ್ಮಿಬ್ಬರ ಹೆಸರಿನಲ್ಲಿ ಲೇಖನ ಒಂದು ಪತ್ರಿಕೆಗೆ ಹೋಯಿತು.

ಬುಧವಾರದ ಕೋಣೆ

ಡಾಕ್ಟರ್ ರೀಡ್ ಅವರ ವಿದ್ಯಾರ್ಥಿಗಳಿಗೆ ಇನ್ನೊಂದು ನಿಯಮವಿತ್ತು. ಬುಧವಾರ ಮಧ್ಯಾಹ್ನ ಬಂದರಿನ ಹತ್ತಿರದ ಒಂದು ಹಳೆಯ ಕಟ್ಟಡಕ್ಕೆ ಹೋಗಬೇಕು. ಚಟ ಬಿಡಿಸುವ ಚಿಕಿತ್ಸೆಗೆ ಬರುವವರು ಅಲ್ಲಿ ಚಹಾ ಕುಡಿದು, ಸಾರು ಕುದಿಸಿ ಉಂಡು ಹೋಗುತ್ತಿದ್ದರು. ನಾವು ಅವರ ಜೊತೆ ಕೂರಬೇಕು. ಪೆನ್ನು ಒಯ್ಯುವ ಹಾಗಿಲ್ಲ, ಔಷಧದ ಮಾತು ನಾವಾಗಿ ತೆಗೆಯುವ ಹಾಗಿಲ್ಲ. ಇಲಿಯ ಮೇಲೆ ಕೆಲಸ ಮಾಡುವವರಿಗೆ ಇದು ಯಾಕೆಂದು ಮೊದಲು ತಿಳಿಯಲಿಲ್ಲ.

ಅಲ್ಲಿ ನನಗೆ ಸಿಕ್ಕವನು ಸ್ಯಾಂಡಿ. ಮೀನು ಹಿಡಿಯುವ ದೋಣಿಯಲ್ಲಿ ಅಡಿಗೆ ಮಾಡುತ್ತಿದ್ದವನು. ಹಗ್ಗಕ್ಕೆ ಸಿಕ್ಕು ಕಾಲು ನುಜ್ಜಾಗಿ, ಆಸ್ಪತ್ರೆಯಲ್ಲಿ ನೋವಿಗೆ ಕೊಟ್ಟ ಸೂಜಿಯಿಂದ ಚಟ ಹತ್ತಿತ್ತು. ಈಗ ದಿನಾ ಅಳತೆಯ ಔಷಧ ಕುಡಿದು ಹೋಗುತ್ತಿದ್ದ. ಅವನ ಇಂಗ್ಲಿಷು ಲಂಡನ್ನಿನವರಿಗೆ ಅರ್ಥವಾಗುವುದಿಲ್ಲವಂತೆ. ನಮ್ಮ ಮಾತು ಬೆಂಗಳೂರಿನವರಿಗೆ ಹೇಗೋ ಹಾಗೆ, ಗಡುಸು, ಜೋರು. ನನ್ನ ಕಿವಿಗೆ ಅದು ಊರಿನ ಮಾತಿನಂತೆ ಕೇಳಿತು, ಹಾಗೇ ಬರೆಯುತ್ತೇನೆ.

ಮೊದಲ ಬುಧವಾರ ಅವನ ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಮೈಯಲ್ಲಿ ನಡುಕ. ಮರುದಿನ ಡಾಕ್ಟರ್ ರೀಡ್ ಅವರ ಮುಂದೆ ಪುಸ್ತಕದಲ್ಲಿರುವ ಲಕ್ಷಣಗಳನ್ನೆಲ್ಲ ಹೇಳಿ, ಅವನಿಗೆ ಕೊಡುವ ಔಷಧ ಸಾಲುತ್ತಿಲ್ಲ, ಒದ್ದಾಡುತ್ತಿದ್ದಾನೆ ಎಂದೆ. ಅವರು ಕರವಸ್ತ್ರ ತೆಗೆದು ತಮ್ಮ ಮೂಗು ಒರೆಸಿಕೊಂಡರು.

“ಅವನಿಗೆ ನೆಗಡಿ,” ಎಂದರು. “ನನಗೂ ಬಂದಿದೆ. ನೀವು ಅವನನ್ನು ಕೇಳಿದಿರಾ?”

ಕೇಳಿರಲಿಲ್ಲ.

ಗುಡ್ಡ: ಕಾಯುವವರಿಲ್ಲದ ಕುರಿ

ಮಿಸೆಸ್ ಫಿಂಡ್ಲೆಯ ತಮ್ಮ ಕುರಿ ಸಾಕಿದ್ದ. ಒಂದು ಭಾನುವಾರ ನನ್ನನ್ನು ಅವನಲ್ಲಿಗೆ ಕರೆದೊಯ್ದಳು. ಗುಡ್ಡದ ತುಂಬ ಕುರಿ, ಕಾಯುವವರು ಒಬ್ಬರೂ ಇಲ್ಲ. ಬೆನ್ನಿಗೆ ನೀಲಿ ಬಣ್ಣದ ಗುರುತು ಹಾಕಿ ಬಿಟ್ಟುಬಿಡುತ್ತಾನೆ, ಬೇಕಾದಾಗ ಎರಡು ನಾಯಿ ಕಳಿಸಿ ತರಿಸಿಕೊಳ್ಳುತ್ತಾನೆ. ನಮ್ಮಪ್ಪ ಹಿಂಗಾರಿ ಬಿತ್ತುವ ಮುಂಚೆ ಕುರಿಗಳ ಹಿಂದೆ ಭೀಮಾ ನದಿ ದಾಟಿ ಹೋದರೆ ತಿಂಗಳುಗಟ್ಟಲೆ ಅಡವಿಯಲ್ಲೇ ಇರುತ್ತಾನೆ, ಯಾರದೋ ಹೊಲದಲ್ಲಿ ಕುರಿ ತರುಬಿ ಅಲ್ಲೇ ಮಲಗುತ್ತಾನೆ ಎಂದೆ. ಆ ರೈತ, ನಿಮ್ಮಪ್ಪನ ಹತ್ತಿರ ನಾಯಿ ಇಲ್ಲವೇ ಎಂದು ಕೇಳಿದ. ಇದೆ, ಅದೂ ಜೊತೆಗೇ ಮಲಗುತ್ತದೆ ಎಂದೆ. ಅವನಿಗೆ ನನ್ನ ಮೇಲೆ ಕನಿಕರ ಬಂತು. ನನಗೆ ಅವನ ಕುರಿಗಳ ಮೇಲೆ.

ಒಂದು ಕುರಿಯ ಕಾಲು ತೋರಿಸಿ ಏನಾಗಿದೆ ಎಂದು ಕೇಳಿದ. ನೋಡಿದ ಕೂಡಲೇ ಗೊರಸಿನ ಕೊಳೆರೋಗ ಎಂದೆ. ಸರಿಯಾಗಿತ್ತು. ಅದೂ ನನ್ನ ಕಣ್ಣಿನ ಮೇಲಿನ ಖಾತ್ರಿಯನ್ನು ಇನ್ನಷ್ಟು ಬೆಳೆಸಿತು.

ಕೆಂಪು ಬಾಲ

ಎರಡನೇ ವರ್ಷದ ಆರಂಭದಲ್ಲಿ ಡಾಕ್ಟರ್ ರೀಡ್ ನನಗೆ ಇಪ್ಪತ್ತು ಇಲಿ ಕೊಟ್ಟರು. ಹತ್ತರ ಬಾಲಕ್ಕೆ ಕೆಂಪು ಬಣ್ಣ ಹಚ್ಚಿತ್ತು. ಕೆಂಪು ಬಾಲದವಕ್ಕೆ ಮಾರ್ಫಿನ್ ಚಟ ಹತ್ತಿಸಿಯಾಗಿದೆ, ಉಳಿದವಕ್ಕೆ ಕೊಟ್ಟದ್ದು ಬರೀ ಉಪ್ಪುನೀರು ಎಂದರು. ಎಲ್ಲಕ್ಕೂ ಇಳಿಸುವ ಸೂಜಿ ಚುಚ್ಚಿ ಎಣಿಸಿ ಕೊಡಿ, ಹೊಸದಾಗಿ ಸೇರುವವರಿಗೆ ಮಾದರಿಯಾಗಿ ತೋರಿಸಬೇಕು ಎಂದರು. ಎರಡು ದಿನ ಕೂತು ಎಣಿಸಿದೆ. ಕೆಂಪು ಬಾಲದವು ಚೆನ್ನಾಗಿ ಕೊಡವಿದವು, ಹಲ್ಲು ಕಟಕಟಿಸಿದವು. ಮೂರು ಜಿಗಿದವು. ಉಳಿದವು ಸುಮ್ಮನಿದ್ದವು. ಪಟ್ಟಿ ಮಾಡಿ ಅವರ ಮೇಜಿನ ಮೇಲಿಟ್ಟೆ.

ಶುಕ್ರವಾರ ಎಲ್ಲ ವಿದ್ಯಾರ್ಥಿಗಳೂ ಕೂಡುವ ಹೊತ್ತಿಗೆ ನನ್ನೊಬ್ಬನನ್ನೇ ಮೊದಲು ಒಳಗೆ ಕರೆದರು. ಬಾಗಿಲು ಹಾಕಿದರು. ಆ ಇಪ್ಪತ್ತರಲ್ಲಿ ಒಂದಕ್ಕೂ ಮಾರ್ಫಿನ್ ಕೊಟ್ಟಿರಲಿಲ್ಲ ಎಂದರು. ಎಲ್ಲಕ್ಕೂ ಉಪ್ಪುನೀರೇ. ಕೆಂಪು ಬಣ್ಣ ಹಚ್ಚಿದ್ದು ಮೊಯ್ರಾ, ಕಣ್ಣು ಮುಚ್ಚಿ ಕೈಗೆ ಸಿಕ್ಕವಕ್ಕೆ.

ನಾನು ಪಟ್ಟಿಯನ್ನು ಮತ್ತೆ ನೋಡಿದೆ. ಅಕ್ಷರ ನನ್ನದೇ. ಪೆನ್ನಿನಲ್ಲಿ ಬರೆದದ್ದು, ಒಂದು ಗೆರೆಯೂ ಎಳೆದಿರಲಿಲ್ಲ. ನಾನು ಸುಳ್ಳು ಬರೆದಿರಲಿಲ್ಲ. ಆ ಇಲಿಗಳು ಮೈ ಕೊಡವಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೆ. ಇಲಿಗಳು ಸುಮ್ಮನೆಯೂ ಆಗಾಗ ಮೈ ಕೊಡವುತ್ತವೆ. ಕೆಂಪು ಬಾಲ ಕೊಡವಿದರೆ ಎಣಿಸಿದ್ದೆ, ಬಿಳಿ ಬಾಲ ಕೊಡವಿದರೆ ತುರಿಸಿಕೊಂಡಿತು ಎಂದು ಬಿಟ್ಟಿದ್ದೆ.

ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನು ಒಮ್ಮೆ ಮಾಡುತ್ತೇನೆ, ಇಲ್ಲಿಯವರೆಗೆ ಪಾಸಾದವರು ತೀರ ಕಡಿಮೆ ಎಂದು ಡಾಕ್ಟರ್ ರೀಡ್ ಹೇಳಿದರು. ತಾವೂ ತಮ್ಮ ಗುರುಗಳ ಕೈಯಲ್ಲಿ ಹೀಗೇ ಸಿಕ್ಕಿಬಿದ್ದಿದ್ದರಂತೆ. ನಗಲಿಲ್ಲ. ಚಹಾ ಬೇಕೇ ಎಂದು ಕೇಳಿದರು. ಬೇಡವೆಂದು ಎದ್ದುಬಂದೆ. ಹೊರಗೆ ಮೊಯ್ರಾ ನಿಂತಿದ್ದಳು. ಹೋದ ವರ್ಷ ನನಗೂ ಹಾಗೇ ಕಂಡಿತ್ತು ಎಂದಳು. ಅದರಿಂದ ನನಗೆ ಸಮಾಧಾನವಾಗಲಿಲ್ಲ.

ಬುಧವಾರ, ಮತ್ತೆ

ಮುಂದಿನ ಬುಧವಾರ ಸ್ಯಾಂಡಿಯ ಜೊತೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆ. ಏನಾಗಿದೆ ಎಂದು ಕೇಳಿದ. ಇಲಿಗಳ ಕಥೆ ಹೇಳಿದೆ. ಅವನು ಬಹಳ ನಕ್ಕ. ನಗು ನಿಂತ ಮೇಲೆ ನಾನು, ಯಾರ ಮುಂದೆಯೂ ಹೇಳದಿದ್ದ ಇನ್ನೊಂದನ್ನು ಹೇಳಿದೆ.

ನನ್ನ ಸೋದರಮಾವ ಮಾಳಪ್ಪ, ಅವ್ವನ ಅಣ್ಣ, ಅಫೀಮು ತಿನ್ನುತ್ತಿದ್ದ. ನಮ್ಮ ಕಡೆ ಅದಕ್ಕೆ ಅಫು ಅನ್ನುತ್ತಾರೆ. ಅಡವಿಯ ಥಂಡಿ, ಕೆಮ್ಮು, ಹೊಟ್ಟೆನೋವು ಎಂದು ಎಂದೋ ಶುರುವಾದದ್ದು. ಆಗ ಅಂಥವರಿಗೆ ಸರಕಾರದ ಕಾರ್ಡು ಇತ್ತು. ತಿಂಗಳಿಗೊಮ್ಮೆ ವಿಜಾಪುರಕ್ಕೆ ಹೋಗಿ ಅಂಗಡಿಯಿಂದ ತರುತ್ತಿದ್ದ. ಯಾರಿಗೂ ತೊಂದರೆ ಇರಲಿಲ್ಲ, ನೂರೈವತ್ತು ಕುರಿಯನ್ನು ಒಬ್ಬನೇ ಕಾಯುತ್ತಿದ್ದ. ಒಂದು ವರ್ಷ ಸರಕಾರ ಕಾರ್ಡು ನಿಲ್ಲಿಸಿತು, ಅಫು ಸಿಗದಾಯಿತು. ಮಾವ ನಮ್ಮ ಮನೆಗೆ ಬಂದು, ಕುರಿಮರಿ ಕಟ್ಟುವ ಪಡಸಾಲೆಯಲ್ಲಿ ಮಲಗಿದ. ನಾನು ರಜೆಗೆ ಬಂದಿದ್ದೆ, ಪಶುವೈದ್ಯದ ಎರಡನೇ ವರ್ಷ. ಮಾವ ಕಂಬಳಿ ಮುಖದ ಮೇಲೆಳೆದುಕೊಂಡು ಕಾಲು ಒದರುತ್ತಿದ್ದ, ನರಳುತ್ತಿದ್ದ, ವಾಂತಿ ಮಾಡಿಕೊಳ್ಳುತ್ತಿದ್ದ. ಮನೆಯವರು, ಓಣಿಯವರು ಎಲ್ಲ ಕೂಡಿ, ನೀ ಕಲಿತಾಂವ, ನೀ ಹೇಳು ಎಂದರು. ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ, ಮೈ ಮುಟ್ಟಲಿಲ್ಲ. “ನಾಟಕ ಮಾಡಾಕತ್ತಾನ. ಯಾರೂ ಮಾತಾಡಸಬ್ಯಾಡ್ರಿ, ತಾನಾಗೇ ಏಳ್ತಾನ” ಎಂದೆ.

ಎಲ್ಲರೂ ನನ್ನ ಮಾತು ನಂಬಿದರು. ಒಂದು ಹಗಲು ಪೂರ್ತಿ ಅವನ ಹತ್ತಿರ ಯಾರೂ ಹೋಗಲಿಲ್ಲ. ಅವ್ವ ಮಾತ್ರ ತಡೆಯಲಾರದೆ ಮರುದಿನ ಗಂಜಿ ತೆಗೆದುಕೊಂಡು ಹೋದಳು. ಐದನೆಯ ದಿನ ಮಾವ ಎದ್ದು, ಯಾರಿಗೂ ಹೇಳದೆ, ಸಿಂದಗಿಯಲ್ಲಿದ್ದ ಮಗಳ ಮನೆಗೆ ಹೋದ. ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ. ನನ್ನ ಮದುವೆಗೂ ಬಾಗೇವಾಡಿಗೆ ಬರಲಿಲ್ಲ. ನಾಚಿಕೆಯಿಂದ ಬರಲಿಲ್ಲ ಎಂದು ನಾನು ತಿಳಿದೆ. ಅಪ್ಪ ಎರಡು ಸಲ ಹೇಳಿಕಳಿಸಿ ಬಿಟ್ಟುಬಿಟ್ಟ. ನಾನು ಆಮೇಲೆ ಪುಸ್ತಕ ಓದಿದೆ. ಓದಿದಷ್ಟೂ ಆ ಪಡಸಾಲೆಯಲ್ಲಿ ಆದದ್ದು ಏನೆಂದು ತಿಳಿಯುತ್ತ ಹೋಯಿತು. ಈ ವಿಷಯವನ್ನೇ ಹಿಡಿದು ಇಲ್ಲಿವರೆಗೆ ಬಂದೆ.

ಸ್ಯಾಂಡಿ ಚಾಕು ಕೆಳಗಿಟ್ಟ.

“ನಿಮ್ಮ ಮಾವ ಇನ್ನಾ ಅದಾನೇನು?”

“ಅದಾನ.”

“ಅವಂಗ ಇದನ್ನ ಹೇಳಿಯೇನು?”

“ಇಲ್ಲ.”

“ಮತ್ತ ನನಗ ಯಾಕ ಹೇಳ್ತಿ?” ಎಂದು ಕೇಳಿ, ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡ.

ಮೂರನೆಯ ಮಹಡಿ

ಮಾವ ದೂರವಿದ್ದ. ಹತ್ತಿರವಿದ್ದದ್ದು ಡಾಕ್ಟರ್ ರೀಡ್ ಅವರ ಕೋಣೆ, ಮೂರನೆಯ ಮಹಡಿಯಲ್ಲಿ. ಎರಡು ದಿನ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದೆ.

ಹೇಳಬೇಕಾದದ್ದು ಇಷ್ಟೇ. ಕರೆಂಟಿಲ್ಲದ ಆ ಚಳಿಗಾಲದ ಪ್ರಯೋಗದಲ್ಲಿ ಸೂಜಿ ಚುಚ್ಚಿದವನೂ ಎಣಿಸಿದವನೂ ನಾನೇ. ಅದು ಅವರಿಗೆ ಗೊತ್ತಿರಲಿಲ್ಲ. ಸಹಾಯಕನೇ ಸೂಜಿ ಚುಚ್ಚಿದ್ದಾನೆಂದು ತಿಳಿದಿದ್ದರು. ನೋಟುಬುಕ್ಕಿನಲ್ಲಿ ನಾನು ಸುಳ್ಳು ಬರೆದಿರಲಿಲ್ಲ, ಚುಚ್ಚಿದವರ ಹೆಸರಿನ ಕಡೆ ಖಾಲಿ ಬಿಟ್ಟಿದ್ದೆ. ಲೇಖನ ಅಚ್ಚಿಗೆ ಹೋಗುವುದರಲ್ಲಿತ್ತು. ವಿದ್ಯಾರ್ಥಿವೇತನಕ್ಕೆ ಇನ್ನೊಂದು ವರ್ಷ ಮಾತ್ರ ಉಳಿದಿತ್ತು. ಹೇಳಿದರೆ ವರ್ಷದ ಕೆಲಸ ಹೋಗುತ್ತದೆ, ಡಿಗ್ರಿ ಇಲ್ಲದೆ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿಯಬೇಕಾಗಬಹುದು. ವಿಮಾನ ಹತ್ತುವ ಮುಂಚೆ ಊರಲ್ಲಿ ನನಗೆ ಶಾಲು ಹೊದಿಸಿ ಫೋಟೋ ತೆಗೆಸಿದ್ದರು. ಅದೂ ನೆನಪಾಯಿತು.

ಮೂರನೆಯ ದಿನ ಒಳಗೆ ಹೋಗಿ ಹೇಳಿದೆ. ನಿಂತೇ ಹೇಳಿದೆ. ಡಾಕ್ಟರ್ ರೀಡ್ ಅವರ ಮುಖ ಬೆಳ್ಳಗಾಯಿತು. ನಿಮಗೆ ಮೊದಲೇ ಸಂಶಯವಿತ್ತೇ ಎಂದು ಕೇಳಿದೆ. ಇರಲಿಲ್ಲ, ಇರಬೇಕಿತ್ತು, ಆ ಖಾಲಿ ಜಾಗ ನನ್ನ ಕಣ್ಣಿಗೂ ಬೀಳಲಿಲ್ಲ ಎಂದರು. ಆಮೇಲೆ ಟೈಪ್‌ರೈಟರ್ ಎಳೆದುಕೊಂಡು, ನನ್ನ ಎದುರೇ ಆ ಪತ್ರಿಕೆಗೆ ಕಾಗದ ಬರೆದರು. ಲೇಖನ ಹಿಂದಕ್ಕೆ ಕಳಿಸಿ, ಎಣಿಕೆಯಲ್ಲಿ ತಪ್ಪಾಗಿದೆ, ಜವಾಬ್ದಾರಿ ನನ್ನದು ಎಂದು. ಅಲ್ಲ, ಜವಾಬ್ದಾರಿ ನನ್ನದು ಎಂದು ನಾನಂದೆ.

“ನಿಮಗೆ ಕಲಿಸುತ್ತಿರುವವಳು ನಾನು,” ಎಂದರು. “ಸಹಿ ನಾನೇ ಹಾಕಬೇಕು.”

ಎರಡು ವಾರ ನನ್ನ ಜೊತೆ ಅವರು ಕೆಲಸದ ಹೊರತು ಮಾತಾಡಲಿಲ್ಲ. ಸಿಟ್ಟಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ನಮ್ಮಲ್ಲಾದರೆ ಇಷ್ಟಕ್ಕೆ ದೊಡ್ಡ ಬಾಯಿ ಮಾಡಿ, ಸಂಜೆಯ ಹೊತ್ತಿಗೆ ಊಟಕ್ಕೆ ಕರೆಯುತ್ತಾರೆ. ಅಲ್ಲಿ ಸಿಟ್ಟೂ ನಿಧಾನ, ಇಳಿಯುವುದೂ ನಿಧಾನ.

ಎರಡನೇ ಸಲ

ಪ್ರಯೋಗವನ್ನೆಲ್ಲ ಮೊದಲಿನಿಂದ ಮಾಡಿದೆವು. ಸೂಜಿ ಮೊಯ್ರಾ ಚುಚ್ಚಿದಳು, ಈಗ ಅವಳೂ ಬರಿಗೈಯಲ್ಲಿ ಇಲಿ ಎತ್ತುತ್ತಿದ್ದಳು. ಯಾವ ಇಲಿಗೆ ಏನೆಂಬ ಪಟ್ಟಿ ಅವಳ ಕಪಾಟಿನಲ್ಲಿ, ಬೀಗದೊಳಗೆ. ನಾನು ಎಣಿಸಿದೆ. ಗೊತ್ತಿಲ್ಲದೆ ಎಣಿಸುವುದು ಬಹಳ ಕಷ್ಟ. ಪ್ರತಿ ಸಲ ಇಲಿ ಮೈ ಕೊಡವಿದಾಗಲೂ ನನಗೆ ನಾನೇ ಸಾಕ್ಷಿ ಹೇಳಬೇಕಾಗುತ್ತಿತ್ತು. ವಿದ್ಯಾರ್ಥಿವೇತನ ಮುಗಿಯಿತು, ಡಾಕ್ಟರ್ ರೀಡ್ ಎಲ್ಲಿಂದಲೋ ಎಂಟು ತಿಂಗಳ ಅವಕಾಶ ದೊರಕಿಸಿದರು. ಹೇಗೆಂದು ಹೇಳಲಿಲ್ಲ.

ಆ ನಡುವೆ ಸ್ಯಾಂಡಿ ಬುಧವಾರ ಬರುವುದು ನಿಂತಿತು. ದ್ವೀಪದಲ್ಲಿರುವ ಅಕ್ಕನ ಮನೆಗೆ ಹೋದ ಎಂದರು. ಒಂದು ಕಾರ್ಡು ಬಂತು. ಇಲ್ಲಿ ಆಲೂಗಡ್ಡೆ ಚೆನ್ನಾಗಿವೆ ಎಂದಷ್ಟೇ ಬರೆದಿದ್ದ. ಅವನು ಚೆನ್ನಾಗಿದ್ದಾನೋ ಇಲ್ಲವೋ ಅದರಿಂದ ಹೇಳಲು ಬರುವಂತಿರಲಿಲ್ಲ. ಊಹಿಸುವುದನ್ನು ನಾನು ಬಿಟ್ಟಿದ್ದೆ.

ಬೀಗ ತೆಗೆದು ಪಟ್ಟಿ ಹೊಂದಿಸಿ ನೋಡಿದ ದಿನ ಮೂವರೂ ಒಂದೇ ಮೇಜಿಗೆ ಕೂತಿದ್ದೆವು. ಮೊದಲ ಸಲದ ಚಟಕ್ಕೂ ಎರಡನೇ ಸಲದ ಚಟಕ್ಕೂ ನರಳಾಟದಲ್ಲಿ ವ್ಯತ್ಯಾಸವಿರಲಿಲ್ಲ. ನಮ್ಮ ವಿಧಾನದಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ನಾನು ಅದನ್ನೇ ಬರೆದೆ. ಮೊದಲು ಕಂಡದ್ದನ್ನೂ, ಅದು ಹೇಗೆ ಕಂಡಿತೆಂಬುದನ್ನೂ, ಕೆಂಪು ಬಾಲದ ಇಪ್ಪತ್ತು ಇಲಿಗಳ ಪಟ್ಟಿಯನ್ನೂ ಒಂದು ಅಧ್ಯಾಯವಾಗಿ ಸೇರಿಸಿದೆ. ಆ ಅಧ್ಯಾಯ ಬೇಡ ಎಂದು ವಿಭಾಗದ ಹಿರಿಯರೊಬ್ಬರು ಸಲಹೆ ಕೊಟ್ಟರು. ಡಾಕ್ಟರ್ ರೀಡ್ ಇರಲಿ ಎಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಒಬ್ಬ ವಯಸ್ಸಾದ ಪ್ರೊಫೆಸರು. ಪ್ರಬಂಧ ಮುಚ್ಚಿಟ್ಟು, ಇಷ್ಟು ವರ್ಷ ಮಾಡಿ ಏನೂ ಇಲ್ಲವೆಂದು ಬರೆದಿದ್ದೀರಲ್ಲ ಎಂದರು. ಹೌದು ಎಂದೆ. ಈ ಕೆಂಪು ಬಾಲದ ಅಧ್ಯಾಯ ಬರೆಯದಿದ್ದರೆ ನಿಮ್ಮ ಮರ್ಯಾದೆ ಉಳಿಯುತ್ತಿತ್ತು, ಯಾಕೆ ಬರೆದಿರಿ ಎಂದರು. ನನ್ನ ನಂತರ ಈ ಕೆಲಸ ಮಾಡುವವನಿಗೆ ನನ್ನ ಕಣ್ಣು ಎಂಥದ್ದೆಂದು ಗೊತ್ತಿರಬೇಕು ಎಂದೆ. ಅವರು ಆಮೇಲೆ ಎರಡು ತಾಸು ಆ ಒಂದು ಅಧ್ಯಾಯದ ಮೇಲೆಯೇ ಪ್ರಶ್ನೆ ಕೇಳಿದರು. ಡಿಗ್ರಿ ಕೊಟ್ಟರು.

ಸಿಂದಗಿ

ಬೊಂಬಾಯಿಯಲ್ಲಿ ಇಳಿದು, ಸೊಲ್ಲಾಪುರದ ಮೇಲೆ ಬಂದೆ. ಊರಲ್ಲಿ ಒಂದು ದಿನ ಇದ್ದು, ಮರುದಿನ ಬೆಳಿಗ್ಗೆ ಒಬ್ಬನೇ ಸಿಂದಗಿಗೆ ಹೋದೆ. ಅವ್ವನಿಗಷ್ಟೇ ಹೇಳಿದ್ದೆ.

ಮಾವನ ಮಗಳ ಮನೆ ತೊಗರಿ ಅಡತಿ ಅಂಗಡಿಗಳ ಹಿಂದಿನ ಓಣಿಯಲ್ಲಿ. ಮಾವ ಕಟ್ಟೆಯ ಮೇಲೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಬಹಳ ಮುಪ್ಪಾಗಿದ್ದ. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿ ಕುರಿ ಅದಾವೇನು, ಉಣ್ಣೆ ಎಂಥದು ಎಂದು ವಿಚಾರಿಸಿದ. ಎಲ್ಲ ಹೇಳಿದೆ. ಆಮೇಲೆ, ನಮ್ಮ ಮನೆಯಲ್ಲಿ ಮಲಗಿದ್ದ ಆ ಐದು ದಿನ ನೆನಪಿವೆಯೇ ಎಂದು ಕೇಳಿದೆ.

ತಕಲಿ ತಿರುಗುತ್ತಲೇ ಇತ್ತು. “ಬ್ಯಾನಿ ಎಲ್ಲಾ ಮರತೇನಿ,” ಎಂದ. “ಒಂದು ಮಾತು ಮರತಿಲ್ಲ. ನಾಟಕ ಮಾಡಾಕತ್ತಾನ ಅಂತ ಬಾಗಲದಾಗ ನಿಂತು ಅಂದ್ರು.”

“ಅದನ್ನ ಅಂದಾಂವ ನಾನು, ಮಾವ.”

ತಕಲಿ ನಿಂತಿತು.

“ನೀನು?”

“ಹೌದು. ಏನೂ ತಿಳೀಲಾರದ ಅಂದೆ. ಮುಟ್ಟಿ ಸೈತ ನೋಡಲಿಲ್ಲ.”

ಮಗಳು ಚಹಾ ತಂದಳು. ನಮ್ಮಿಬ್ಬರ ಮುಖ ನೋಡಿ, ಬಟ್ಟಲು ಇಟ್ಟು ಒಳಗೆ ಹೋದಳು. ಮಾವ ನೂಲಿನ ತುದಿ ಹಿಡಿದುಕೊಂಡೇ ಓಣಿಯ ಕಡೆ ಮುಖ ಮಾಡಿದ. ಬೈಗುಳಕ್ಕೆ ನಾನು ಸಿದ್ಧನಾಗಿಯೇ ಬಂದಿದ್ದೆ. ಕ್ಷಮೆ ಕೇಳುವ ಮಾತನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವನು ನನ್ನ ಕಡೆ ತಿರುಗಿದಾಗ ಮುಖದಲ್ಲಿದ್ದದ್ದು ನಾನು ನೆನೆಸಿದ ಸಿಟ್ಟಲ್ಲ.

“ನಾ ನಿಮ್ಮಪ್ಪ ಅಂದಾ ಅಂತ ತಿಳದಿದ್ದೆ,” ಎಂದ. “ಮುಖದ ಮ್ಯಾಲ ಕಂಬಳಿ ಇತ್ತು. ದನಿ ಅವಂದಽ ಅನಸ್ತು. ಆಂವ ಅಂದಿರ್ತಾನ ಅಂತ ನನಗ ಖಾತ್ರಿ ಇತ್ತು. ಹದಿನೈದು ವರ್ಷ ಆಂವನ ಹೊಸ್ತಿಲ ತುಳೀಲಿಲ್ಲ.”

ಅಪ್ಪ ಇಂದಿಗೂ ಅದು ಯಾಕೆಂದು ತಿಳಿಯದೆ ಇದ್ದಾನೆ ಎಂದೆ. ಎರಡು ಸಲ ಕರೆಕಳಿಸಿ, ತಾನೇನು ತಪ್ಪು ಮಾಡಿದೆನೋ ಎಂದು ಅವ್ವನನ್ನು ಕೇಳುತ್ತಿದ್ದ ಎಂದೆ.

“ಮಂಗ್ಯಾನಮಗನ,” ಎಂದ ಮಾವ. ಅದು ನನಗೆ ಅಂದದ್ದೋ, ತನಗೇ ಅಂದುಕೊಂಡದ್ದೋ ನನಗೆ ಗೊತ್ತಾಗಲಿಲ್ಲ. ಚಹಾ ಒಂದೇ ಗುಟುಕಿಗೆ ಕುಡಿದ. ನೂಲನ್ನು ತಕಲಿಗೆ ಸುತ್ತಿ ಗೋಡೆಯ ಗೂಡಿನಲ್ಲಿಟ್ಟ. ರುಮಾಲು ಸುತ್ತಿಕೊಂಡು ಕಂಬಳಿ ಹೆಗಲಿಗೆ ಹಾಕಿಕೊಂಡ. ಮಗಳಿಗೆ ಏನೂ ಹೇಳದೆ ಕಟ್ಟೆ ಇಳಿದು, ನಾನು ಬರುತ್ತಿದ್ದೇನೋ ಇಲ್ಲವೋ ಎಂದು ತಿರುಗಿ ನೋಡಿದ.

“ತಾಂಬಾಕ್ಕ ಬಸ್ಸು ಎಷ್ಟಕ್ಕೈತಿ?” ಎಂದು ಕೇಳಿದ.